ಲಾಂಛನಗಳಿಗೊಂದು ಮನೆ

ಬೆಳಗಿನ ಹೊತ್ತು ಮೈಸೂರು ಗಂಧದ ಸಾಬೂನಿನ ಹೊದಿಕೆಯನ್ನು ಬಿಚ್ಚುವಾಗ ಅದರ ಮೇಲೆ ಅಚ್ಚಾಗಿರುವ ಪ್ರಾಣಿ ಯಾವುದೆಂದು ನಿಂತು ನೋಡಿದವರು ನಮ್ಮ ವಾಚಕರಲ್ಲಿ ಎಷ್ಟು ಮಂದಿಯೋ ಕಾಣೆವು. ಅದರ ಮೈ ಸಿಂಹದ್ದು, ಮೋರೆ ಆನೆಯದು. ಅದನ್ನು ಶರಭವೆಂದು ಕರೆಯುತ್ತಾರೆ. ಅದೇ ಜಾತಿಯ ಎರಡು ಮೃಗಗಳು ಕರ್ನಾಟಕ ಸರ್ಕಾರದ ಲಾಂಛನದಲ್ಲಿ ಎಡಬಲಕ್ಕೆ ನಿಂತು ನಡುವಣ ಗಂಡಭೇರುಂಡವನ್ನು ಕಾಯುತ್ತಿವೆ. ಆ ಗಂಡಭೇರುಂಡವೇ ಸರ್ಕಾರಿ ಬಸ್ಸಿನ ಮಗ್ಗುಲಲ್ಲಿ ಕುಳಿತು ನಮ್ಮೊಡನೆ ಪೇಟೆಗೆ ಬರುತ್ತದೆ. ೧೯೧೬ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದ ಪದವೀಧರರು ಇರುವ ಮನೆಯಲ್ಲಿ ಚೌಕಟ್ಟು ಹಾಕಿಸಿದ ಪದವಿಪತ್ರದೊಳಗಿಂದ ನಮ್ಮನ್ನು ನೋಡುತ್ತದೆ. ಸ್ನಾನದ ಮನೆಯಿಂದ ನಡುಮನೆಯವರೆಗೆ ಹೀಗೆ ಲಾಂಛನಗಳ ನಡುವೆಯೇ ಬಾಳುತ್ತಿದ್ದರೂ ಅವು ಏನು ಹೇಳುತ್ತವೆಂದು ಮಕ್ಕಳು ಕೇಳಿದರೆ ನಮ್ಮಲ್ಲಿ ಬಹುಮಂದಿಗೆ ಉತ್ತರ ದೊರೆಯುವುದಿಲ್ಲ.

ಈ ತಪ್ಪಿನಲ್ಲಿ ನಮ್ಮ ಮನೆಗೂ ದೊಡ್ಡ ಪಾಲುಂಟು. ನಮ್ಮ ತಾತ ಹಳೆಯ ಮೈಸೂರು ಸಂಸ್ಥಾನದ ಕಾಲದಲ್ಲಿ ತಾಲ್ಲೂಕು ಕಚೇರಿಯೊಂದರಲ್ಲಿ ಜವಾನರಾಗಿದ್ದರು. ನಡುಪಟ್ಟಿಗೆ ತಗುಲಿಸುವ ಹಿತ್ತಾಳೆಯ ಬಿಲ್ಲೆಯೊಂದು ಅವರಲ್ಲಿತ್ತು. ಅದರ ಮೇಲೆ ಗಂಡಭೇರುಂಡ, ಕೆಳಗೆ ಒಂದು ಅಂಕೆ. ತಾತ ತೀರಿಹೋದ ಮೇಲೆ ಬಿಲ್ಲೆ ಹಲವು ವರ್ಷ ದೇವರ ಮನೆಯ ಗೂಡಿನಲ್ಲಿತ್ತು. ಒಂದು ದಿನ ಹಳೆಯ ಹಿತ್ತಾಳೆ ತಾಮ್ರಗಳನ್ನು ತೂಗಿಕೊಂಡು ಹೊಸ ಪಾತ್ರೆ ಕೊಡುವವನು ಬಾಗಿಲಿಗೆ ಬಂದನು. ಸೋರುತ್ತಿದ್ದ ಎರಡು ಚೊಂಬು, ಕಿವಿ ಮುರಿದ ಒಂದು ಕೊಳದಪ್ಪಲೆ, ಇವುಗಳೊಡನೆ ಬಿಲ್ಲೆಯೂ ತಕ್ಕಡಿಗೆ ಬಿದ್ದು, ಒಂದು ಎವರ್‌ಸಿಲ್ವರ್ ಡಬರಿ ಮನೆಗೆ ಬಂದಿತು. ಡಬರಿ ಈಗಲೂ ಇದೆ. ಅದರಲ್ಲಿ ಸಾರು ಕುದಿಯುವಾಗೆಲ್ಲ ನಮ್ಮ ಸೋದರತ್ತೆಯವರು, "ಅಪ್ಪನ ನೌಕರಿಯೇ ಇದರೊಳಗೆ ಕುದಿಯುತ್ತಿದೆ" ಎನ್ನುವುದುಂಟು. ಅವರು ಅದನ್ನು ಹಾಸ್ಯಕ್ಕಾಗಿ ಹೇಳಿದರೂ ನಮಗೆ ನಗು ಬರುವುದಿಲ್ಲ. ತಕ್ಕಡಿಯ ಬಳಿ ನಿಂತು ತೂಕ ಸರಿಯಾಗಿದೆಯೇ ಎಂದು ನೋಡಿದವರು ನಾವೇ.

ಈ ಬಿಲ್ಲೆಯ ನೆನಪೇ ಈ ತಿಂಗಳ ಮಾತಿಗೆ ಕಾರಣ. ಊರಿನ ಹಳೆಯ ಕಚೇರಿಯನ್ನೋ ಚಾವಡಿಯನ್ನೋ ಕೆಡವದೆ ಉಳಿಸಿ, ಅದನ್ನು ಲಾಂಛನಗಳ ವಸ್ತುಸಂಗ್ರಹಾಲಯವನ್ನಾಗಿ ಮಾಡಬಾರದೇಕೆ? ಮಾಡುವುದಾದರೆ ಕೋಲಾರ ಸೀಮೆಯ ಗಡಿಯಲ್ಲಿರುವ ನಂಗಲಿಯ ಆಸುಪಾಸಿನಲ್ಲಿಯೇ ಏಕೆ ಮಾಡಬಾರದು?

ನಂಗಲಿ ಎಂದೊಡನೆ ಕೆಲವರು ಹುಬ್ಬೇರಿಸಿಯಾರು. ಹಳೆಯ ಮದರಾಸು ರಸ್ತೆಯಲ್ಲಿ ಮುಳಬಾಗಿಲನ್ನು ದಾಟಿ ಪೂರ್ವಕ್ಕೆ ಹೋಗುವವರಿಗೆ ಅದು ಕನ್ನಡ ನಾಡಿನ ಕೊನೆಯ ಊರುಗಳಲ್ಲಿ ಒಂದು. ಮುಂದಿನದು ಪಲಮನೇರು, ಚಿತ್ತೂರುಗಳ ದಾರಿ. ಅಂಗಡಿಯವನು ಒಂದೇ ಉಸಿರಿನಲ್ಲಿ ಕನ್ನಡ ತೆಲುಗುಗಳೆರಡನ್ನೂ ಆಡುವ ಸೀಮೆ ಅದು. ಲಾರಿಗಳು ಸರದಿಯಲ್ಲಿ ನಿಲ್ಲುತ್ತಿದ್ದ ಗಡಿಯೆಂದು ಮಾತ್ರ ಅದನ್ನು ಬಲ್ಲವರು ಹಲವರು. ೨೦೧೭ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದು, ರಾಜ್ಯರಾಜ್ಯಗಳ ನಡುವಣ ವಾಣಿಜ್ಯ ತೆರಿಗೆಯ ಠಾಣೆಗಳು ಎಲ್ಲೆಡೆಯೂ ಎದ್ದುಹೋದ ಮೇಲೆ, ಗಡಿ ಎಂಬುದೊಂದು ಇದೆಯೆಂಬ ನೆನಪೂ ಪಯಣಿಗರಿಗೆ ಕಡಮೆಯಾಗುತ್ತಿದೆ.

ಆದರೆ ಒಂಬತ್ತು ನೂರು ವರ್ಷಗಳ ಹಿಂದೆ ಈ ಊರಿನ ಹೆಸರು ಅರಸನೊಬ್ಬನ ಬಿರುದಿನೊಳಗೆ ಸೇರಿತ್ತು. ಹೊಯ್ಸಳ ವಿಷ್ಣುವರ್ಧನನ ಶಾಸನಗಳು ಅವನು ಗೆದ್ದ ನಾಡುಗಳನ್ನು ಸಾಲಾಗಿ ಹೇಳುವಾಗ ತಲಕಾಡು, ಕೊಂಗುಗಳ ಪಕ್ಕದಲ್ಲಿ ನಂಗಲಿಯನ್ನೂ ಇಟ್ಟಿವೆ. ಅವನ ರಾಜ್ಯದ ಎಲ್ಲೆಗಳನ್ನು ಹೇಳುವಾಗಲೂ ಮೂಡಣ ಎಲ್ಲೆ ನಂಗಲಿಯ ಘಟ್ಟವೆಂದೇ ಹೇಳಿದೆ. ಮುಳಬಾಗಿಲು ಎಂಬ ಹೆಸರಿಗೂ ಮೂಡಣ ಬಾಗಿಲು ಎಂದೇ ಅರ್ಥ. ಬಾಗಿಲಿನ ಮೇಲೆ ಮನೆಯವರ ಗುರುತು ಇರುವುದು ವಾಡಿಕೆಯಲ್ಲವೆ? ಈ ಬಾಗಿಲಿನ ಮೇಲೆ ಎಷ್ಟು ಮನೆತನಗಳು ತಮ್ಮ ಗುರುತನ್ನು ಹಾಕಿ ಅಳಿಸಿಹೋದವೆಂದು ಲೆಕ್ಕ ಹಿಡಿದರೆ, ಕನ್ನಡ ನಾಡಿನ ಲಾಂಛನಗಳ ಚರಿತ್ರೆಯ ಮುಕ್ಕಾಲು ಪಾಲು ಇಲ್ಲಿಯೇ ಮುಗಿಯುತ್ತದೆ.

ಮೊದಲು ಗಂಗರನ್ನು ನೋಡೋಣ. ತಲಕಾಡಿಗೆ ಹೋಗುವುದಕ್ಕೆ ಮೊದಲು ಅವರ ರಾಜಧಾನಿ ಕೋಲಾರವೇ ಆಗಿತ್ತು. ತಲಕಾಡಿಗೆ ಹೋದ ಮೇಲೂ, ಊರು ಬಿಟ್ಟ ಸಂಸಾರ ಹಳೆಯ ಮನೆಯ ಹೆಸರನ್ನು ಬಿಡದಿರುವಂತೆ, ತಮ್ಮನ್ನು ಕುವಳಾಲಪುರವರೇಶ್ವರರೆಂದೇ ಕರೆದುಕೊಂಡರು. ಅವರ ಲಾಂಛನ ಮದಗಜ. ಅವರ ತಾಮ್ರಶಾಸನಗಳ ಮುದ್ರೆಯಲ್ಲಿ ಆನೆಯುಂಟು. ಬಾಣರಿಗೆ ಎತ್ತು ಲಾಂಛನ, ಕಪ್ಪು ಬಾವುಟ. ಮುಳಬಾಗಿಲಿಗೆ ಹತ್ತಿರದ ಆವನಿಯಲ್ಲಿ ಗುಡಿಗಳ ಗುಂಪನ್ನು ಕಟ್ಟಿಸಿದ ನೊಳಂಬರದೂ ಎತ್ತೇ. ಅವರ ಬಳಿಕ ಬಂದವರು ಚೋಳರು. ಕೋಲಾರದ ಕೋಲಾರಮ್ಮನ ಗುಡಿಯಲ್ಲಿ ರಾಜೇಂದ್ರ ಚೋಳನ ಕಾಲದ ಶಾಸನಗಳನ್ನು ಇಂದಿಗೂ ನೋಡಬಹುದು. ಚೋಳರ ಲಾಂಛನ ಹುಲಿ. ಅವರ ತಾಮ್ರಶಾಸನಗಳ ಮುದ್ರೆಯನ್ನು ನೋಡಿದರೆ ಹುಲಿಯ ಜೊತೆಗೆ ಎರಡು ಮೀನುಗಳೂ ಒಂದು ಬಿಲ್ಲೂ ಇರುವುದು ಕಾಣುತ್ತದೆ. ಮೀನು ಪಾಂಡ್ಯರದು, ಬಿಲ್ಲು ಚೇರರದು. ಗೆದ್ದವನು ಸೋತವರ ಗುರುತುಗಳನ್ನು ತನ್ನ ಹುಲಿಯ ಪಕ್ಕಕ್ಕೆ ತಂದು ಕೂರಿಸಿಕೊಂಡಿದ್ದಾನೆ. ಓದು ಬಾರದವನಿಗೂ ಈ ಬರಹ ತಿಳಿಯುವಂತಿದೆ.

ಇಂತಹ ಹುಲಿಗೆ ಉತ್ತರವೆಂಬಂತೆ ಹೊಯ್ಸಳರ ಲಾಂಛನ ನಿಂತಿದೆ. ಸಳನೆಂಬ ವೀರನು ಹುಲಿಯನ್ನು ಇರಿಯುವ ಆ ಶಿಲ್ಪವನ್ನು ಬೇಲೂರಿಗೆ ಹೋದವರೆಲ್ಲರೂ ನೋಡಿರುತ್ತಾರೆ. ಸೊಸೆವೂರಿನಲ್ಲಿ ಜೈನ ಮುನಿಯೊಬ್ಬರು ಸಳನಿಗೆ ಹುಲಿಯನ್ನು ಹೊಯ್ಯೆಂದು ಆಜ್ಞೆ ಮಾಡಿದರೆಂಬ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ವಿಷ್ಣುವರ್ಧನನು ೧೧೧೬ರಲ್ಲಿ ಚೋಳರಿಂದ ತಲಕಾಡನ್ನು ಕಿತ್ತುಕೊಂಡ ಮೇಲೆಯೇ ಈ ಶಿಲ್ಪಕ್ಕೆ ಇಷ್ಟು ಪ್ರಾಶಸ್ತ್ಯ ಬಂದಿತೆಂದೂ, ಅಲ್ಲಿ ಸಾಯುತ್ತಿರುವುದು ಕಾಡಿನ ಹುಲಿಯಲ್ಲ, ಚೋಳರ ಹುಲಿಯೆಂದೂ ಕೆಲವು ವಿದ್ವಾಂಸರು ಊಹಿಸುತ್ತಾರೆ. ಅವರ ಊಹೆ ಸರಿಯಾದರೆ ನಂಗಲಿಯ ಘಟ್ಟವೂ ಆ ಹುಲಿಯ ಗಾಯಗಳಲ್ಲಿ ಒಂದೆಂದು ಹೇಳಬೇಕು. ನಮಗೆ ಈ ಊಹೆಯೂ ಇಷ್ಟ, ಕಥೆಯೂ ಇಷ್ಟ. ಎರಡರಲ್ಲಿ ಒಂದನ್ನು ಬಿಡಬೇಕಾದ ಸಂಕಟ ಪಂಡಿತರಿಗಿರಲಿ.

ಅನಂತರ ವಿಜಯನಗರದವರು. ಮುಳಬಾಗಿಲು ಅವರ ರಾಜ್ಯವೊಂದರ ಮುಖ್ಯ ಪಟ್ಟಣವಾಗಿದ್ದು, ಕಂಪಣ ರಾಜಕುಮಾರನು ಇಲ್ಲಿಂದಲೇ ಆಳುತ್ತಿದ್ದನು. ಅವರ ಲಾಂಛನ ಹಂದಿ, ಎಂದರೆ ವರಾಹ. ಎದುರಿಗೆ ಕತ್ತಿ, ಮೇಲೆ ಸೂರ್ಯಚಂದ್ರರು. ಇದಕ್ಕೆ ಎಷ್ಟೋ ಶತಮಾನ ಮುಂಚೆ ಬಾದಾಮಿಯ ಚಾಲುಕ್ಯರದೂ ವರಾಹವೇ ಆಗಿತ್ತು. ನಾಣ್ಯದ ಮೇಲಿನ ಈ ವರಾಹದಿಂದಲೇ ನಾಣ್ಯಕ್ಕೆ ವರಹವೆಂದು ಹೆಸರಾಯಿತು. ಮದುವೆಯ ಮಾತುಕತೆಯಲ್ಲಿ ನೂರು ವರಹ, ಇನ್ನೂರು ವರಹವೆಂದು ಎಣಿಸುತ್ತಿದ್ದ ನಮ್ಮ ಮುತ್ತಜ್ಜಿಯರು ಒಂದು ರಾಜಮನೆತನದ ಲಾಂಛನವನ್ನೇ ಉಚ್ಚರಿಸುತ್ತಿದ್ದರೆಂದು ಅವರಿಗೆ ತೋರಿರಲಾರದು.

ಕಟ್ಟಕಡೆಗೆ ಮೈಸೂರಿನ ಎರಡು ತಲೆಯ ಹಕ್ಕಿ. ಗಂಡಭೇರುಂಡವು ಒಡೆಯರ ಕಾಲದಲ್ಲಿ ಹುಟ್ಟಿದುದಲ್ಲ. ಬಳ್ಳಿಗಾವೆಯಲ್ಲಿ ಚಾಮುಂಡರಾಯರಸನು ೧೦೪೭ರಲ್ಲಿ ಎತ್ತಿಸಿದ ಎತ್ತರವಾದ ಕಂಬವೊಂದುಂಟು. ಅದು ಭೇರುಂಡನ ಕಂಬ. ಅಲ್ಲಿ ಭೇರುಂಡನಿಗೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ವಿಜಯನಗರದ ಅಚ್ಯುತರಾಯನು ತನ್ನ ಹೊನ್ನಿನ ನಾಣ್ಯದ ಮೇಲೆ ಗಂಡಭೇರುಂಡವನ್ನು ಹಾಕಿಸಿದನು. ಅಲ್ಲಿಂದ ಮೈಸೂರಿಗೆ, ಮೈಸೂರಿನಿಂದ ನಮ್ಮ ತಾತನ ನಡುಪಟ್ಟಿಗೆ.

ಇಷ್ಟನ್ನು ಹೇಳಿದ ಮೇಲೆ ಓದುಗರು, "ಅರಸರು ಹೋದರು, ಅವರಿಗೆ ಕೊಡುತ್ತಿದ್ದ ರಾಜಧನವೂ ೧೯೭೧ರಲ್ಲಿ ನಿಂತಿತು, ಅವರ ಹುಲಿ ಹಂದಿಗಳನ್ನು ಇಟ್ಟುಕೊಂಡು ಪ್ರಜಾರಾಜ್ಯದವರಾದ ನಮಗೇನು?" ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಅರಮನೆಯ ಅಂಬಾರಿ, ಪೀತಾಂಬರ, ಛತ್ರಚಾಮರಗಳನ್ನು ನೋಡಬೇಕಾದವರು ಮೈಸೂರಿಗೆ ಹೋಗಲಿ. ಅದಕ್ಕಾಗಿ ನಂಗಲಿಯಲ್ಲೊಂದು ಮನೆ ಬೇಕಿಲ್ಲ. ನಮ್ಮ ಮನಸ್ಸಿನಲ್ಲಿರುವುದು ಬೇರೆ.

ಯುರೋಪು ಖಂಡದಲ್ಲಿ ಲಾಂಛನವೆಂದರೆ ಮುಖ್ಯವಾಗಿ ಕುಲೀನ ಮನೆತನದ ಗುರುತು. ಯುದ್ಧದಲ್ಲಿ ತಲೆಯಿಂದ ಕಾಲಿನವರೆಗೆ ಕಬ್ಬಿಣ ತೊಟ್ಟವನು ಯಾರೆಂದು ತಿಳಿಯಲು ಗುರಾಣಿಯ ಮೇಲೆ ಬರೆದ ಚಿತ್ರ ತಂದೆಯಿಂದ ಮಗನಿಗೆ ಇಳಿದು, ಅದನ್ನು ನೋಡಿಕೊಳ್ಳಲು ಅಧಿಕಾರಿಗಳೂ ಕಚೇರಿಗಳೂ ಏರ್ಪಟ್ಟವು. ಇಂಗ್ಲಿಷರು ಆ ಪದ್ಧತಿಯನ್ನು ಇಲ್ಲಿಗೂ ತಂದರು. ೧೮೭೭ರ ಜನವರಿ ಒಂದರಂದು ದೆಹಲಿಯಲ್ಲಿ ನಡೆದ ದರ್ಬಾರಿನಲ್ಲಿ ದೇಶೀಯ ರಾಜರಿಗೆಲ್ಲ ಒಂದೊಂದು ರೇಷ್ಮೆಯ ಬಾವುಟವನ್ನು ಹಂಚಲಾಯಿತು. ಬಂಗಾಳದ ಸಿವಿಲ್ ಸೇವೆಯಲ್ಲಿದ್ದ ರಾಬರ್ಟ್ ಟೇಲರ್ ಎಂಬವರು ಅವುಗಳ ಮೇಲಿನ ಲಾಂಛನಗಳನ್ನು ಯುರೋಪಿನ ಗುರಾಣಿಯ ಮಾದರಿಯಲ್ಲಿ ರಚಿಸಿದ್ದರು. ಒಳ್ಳೆಯ ಚಿತ್ರಗಾರಿಕೆಯಾದರೂ, ಮನೆಯ ಯಜಮಾನನಿಗೆ ಅತಿಥಿಯೇ ಹೆಸರಿಟ್ಟಂತಾಯಿತು.

ನಮ್ಮ ನಾಡಿನಲ್ಲಿ ಲಾಂಛನದ ಮುಖ್ಯ ಕೆಲಸ ಕೊಟ್ಟ ಮಾತಿಗೆ ಮುದ್ರೆಯೊತ್ತುವುದು. ತಾಮ್ರಶಾಸನವೊಂದನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಇದು ಚೆನ್ನಾಗಿ ತಿಳಿಯುತ್ತದೆ. ಮೂರೋ ಐದೋ ಹಲಗೆಗಳು. ಪ್ರತಿಯೊಂದರಲ್ಲಿಯೂ ಒಂದು ತೂತು. ಆ ತೂತುಗಳ ಮೂಲಕ ದಪ್ಪನಾದ ಬಳೆಯೊಂದನ್ನು ತೂರಿಸಿ, ಬಳೆಯ ಎರಡು ತುದಿಗಳನ್ನೂ ಲೋಹದ ಮುದ್ರೆಯ ಬುಡದಲ್ಲಿ ಸೇರಿಸಿ ಬೆಸೆದಿರುತ್ತಾರೆ. ಮುದ್ರೆಯನ್ನು ಮುರಿಯದೆ, ಅಥವಾ ಬಳೆಯನ್ನು ಕತ್ತರಿಸದೆ, ನಡುವಿನ ಒಂದು ಹಲಗೆಯನ್ನು ತೆಗೆಯುವುದಕ್ಕಾಗಲಿ ಹೊಸದೊಂದನ್ನು ಸೇರಿಸುವುದಕ್ಕಾಗಲಿ ಬರುವುದಿಲ್ಲ. ಇಂತಹ ಊರಿನಲ್ಲಿ ಇಷ್ಟು ಖಂಡುಗ ಗದ್ದೆ, ಇಂತಹ ಕೆರೆಯ ಕೆಳಗೆ, ಇಂತಹವರಿಗೆ ಎಂದು ಬರೆದುದಕ್ಕೆ ಆ ಆನೆಯೋ ವರಾಹವೋ ಬೀಗವಾಗಿ ಕುಳಿತಿದೆ. ಬೀಗವಿದ್ದಲ್ಲಿ ಕಳ್ಳಕೀಲಿಯೂ ಇರುತ್ತದೆಯಷ್ಟೆ! ಗಂಗರ ಹೆಸರಿನ ತಾಮ್ರಶಾಸನಗಳಲ್ಲಿ ಹಲವು ಕೃತ್ರಿಮವೆಂದು ಫ್ಲೀಟರು ವಾದಿಸಿದರು; ರೈಸರು ಒಪ್ಪಲಿಲ್ಲ. ಈ ಇಬ್ಬರು ಪಂಡಿತರ ಜಗಳ ವರ್ಷಾನುಗಟ್ಟಲೆ ನಡೆಯಿತು. ಅರಸನ ಆನೆಯ ಗುರುತನ್ನು ಕದಿಯಲು ಜನ ಹವಣಿಸಿದರೆಂದರೆ, ಆ ಗುರುತಿಗೆ ನ್ಯಾಯಸ್ಥಾನದಲ್ಲಿ ಎಷ್ಟು ಬೆಲೆಯಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಇದಕ್ಕಿಂತಲೂ ನಮ್ಮ ಮನಸ್ಸಿಗೆ ಹತ್ತಿರವಾದುವು ಹೊಲಗಳಲ್ಲಿರುವ ಮುದ್ರೆಯ ಕಲ್ಲುಗಳು. ಕೊಡೆ ಕಮಂಡಲುಗಳನ್ನು ಹಿಡಿದ ವಾಮನನ ಚಿತ್ರವಿರುವ ಗಿಡ್ಡನೆಯ ಕಲ್ಲು ಬದುವಿನ ಮೇಲೆ ನಿಂತಿದ್ದರೆ ಅದು ವಾಮನಮುದ್ರೆಯ ಕಲ್ಲು. ಬ್ರಾಹ್ಮಣರಿಗೋ ವಿಷ್ಣುವಿನ ಗುಡಿಗೋ ಬಿಟ್ಟ ಭೂಮಿಯ ಎಲ್ಲೆ ಅಲ್ಲಿಗೆ ಬಂದಿತೆಂದು ಅರ್ಥ. ಶಿವಾಲಯದ ಭೂಮಿಗೆ ಲಿಂಗಮುದ್ರೆಯ ಕಲ್ಲು. ಜೈನ ಬಸದಿಯದಕ್ಕೆ ಮುಕ್ಕೊಡೆ. ದಾನಶಾಸನದ ನೆತ್ತಿಯಲ್ಲಿ ಸೂರ್ಯಚಂದ್ರರಿದ್ದರೆ ಅವರಿರುವವರೆಗೂ ಈ ದಾನ ನಡೆಯಲಿ ಎಂಬ ಆಣೆ. ಹಸು ಕರುಗಳಿದ್ದರೆ ಇದನ್ನು ಕಿತ್ತುಕೊಂಡವನಿಗೆ ಗೋಹತ್ಯೆಯ ಪಾಪವೆಂಬ ಎಚ್ಚರಿಕೆ. ವ್ಯಾಪಾರಿಗಳೂ ಹಿಂದೆ ಬೀಳಲಿಲ್ಲ. ಅಯ್ಯಾವೊಳೆಯ ಐನೂರ್ವರು ಗುಡ್ಡದ ಗುರುತಿನ ಧ್ವಜವನ್ನು ಹಿಡಿದು ನಾಡುನಾಡುಗಳನ್ನು ಸುತ್ತಿದರು. ದನಗಳಿಗೂ ಲಾಂಛನವಿತ್ತು! ಮೈಸೂರಿನ ಚಿಕ್ಕದೇವರಾಜ ಒಡೆಯರು ಬೆಣ್ಣೆಚಾವಡಿಯ ರಾಸುಗಳಿಗೆ ತಮ್ಮ ಹೆಸರಿನ 'ದೇ' ಎಂಬ ಅಕ್ಷರದ ಗುರುತನ್ನು ಹಾಕಿಸಿದರು.

ಇವೆಲ್ಲ ಪ್ರಜೆಗಳ ಲಾಂಛನಗಳು. ಅರಮನೆಯ ಗುರುತುಗಳಿಗೆ ಕಾವಲುಗಾರರಿದ್ದಾರೆ. ಇವುಗಳಿಗೆ ಯಾರೂ ಇಲ್ಲ. ರಸ್ತೆ ಅಗಲವಾಗುವಾಗ, ಬಡಾವಣೆಗಾಗಿ ಹೊಲವನ್ನು ಮಟ್ಟಮಾಡುವಾಗ, ಕೆರೆಯ ಏರಿಯನ್ನು ದುರಸ್ತಿಮಾಡುವಾಗ ಇಂತಹ ಕಲ್ಲು ಮೊದಲು ಬೀಳುತ್ತದೆ. ಬಿದ್ದದ್ದು ಬಟ್ಟೆಯೊಗೆಯುವ ಕಲ್ಲಾಗುತ್ತದೆ, ಚರಂಡಿಯ ಮೇಲಿನ ಚಪ್ಪಡಿಯಾಗುತ್ತದೆ. ಕೋಲಾರ ಜಿಲ್ಲೆಯ ಶಾಸನಗಳನ್ನು ರೈಸರು ೧೯೦೫ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವಾಗಿ ಅಚ್ಚುಹಾಕಿಸಿದುದು ಎಷ್ಟು ದೊಡ್ಡ ಉಪಕಾರವೆಂದು ಇಂದು ತಿಳಿಯುತ್ತದೆ: ಕಲ್ಲು ಹೋದ ಕಡೆಯೂ ಅದರ ಮಾತು ಪುಸ್ತಕದಲ್ಲಿ ಉಳಿದಿದೆ. ಆದರೆ ಅಕ್ಷರವಿಲ್ಲದೆ ಬರಿಯ ಮುದ್ರೆಯಿರುವ ಎಲ್ಲೆಗಲ್ಲು ಶಾಸನಗಳ ಪುಸ್ತಕಕ್ಕೆ ಸೇರುವುದು ಕಷ್ಟ. ಅದಕ್ಕೆ ಉಳಿದಿರುವುದು ಊರವರ ಕಣ್ಣು ಮಾತ್ರ.

ಇನ್ನು ಮನೆಯ ಮಾತು. ಹೊಸ ಕಟ್ಟಡವನ್ನು ಕಟ್ಟುವುದರ ಬದಲು ಹಳೆಯ ಕಚೇರಿಯನ್ನೇ ಹಿಡಿಯಬೇಕೆಂದು ನಾವು ಹೇಳುವುದು ಹಣದ ಉಳಿತಾಯಕ್ಕಾಗಿ ಮಾತ್ರವಲ್ಲ. ಗೋಡೆ ದಪ್ಪ, ಸೂರು ಎತ್ತರ, ಜಗುಲಿ ಉದ್ದ. ಮುದ್ರೆಯೊತ್ತಿದ ಕಾಗದಗಳಿಗಾಗಿ ರೈತರು ಬೆಳಗಿನಿಂದ ಸಂಜೆಯವರೆಗೆ ಕಾದು ಕುಳಿತ ಜಗುಲಿ ಅದು. ಮುದ್ರೆಗಳ ಕಥೆ ಹೇಳಲು ಅದಕ್ಕಿಂತ ಯೋಗ್ಯವಾದ ಜಾಗ ಬೇರೊಂದಿರಲಾರದು. ಇಂತಹದೇ ಕಟ್ಟಡವೆಂದು ನಾವು ಬೆರಳಿಟ್ಟು ತೋರಿಸುವುದಿಲ್ಲ; ಅದನ್ನು ಆರಿಸಬೇಕಾದವರು ಆ ಸೀಮೆಯ ಜನ.

ಕನ್ನಡ ನಾಡಿನಲ್ಲಿ ಹೀಗೆ ರೂಪಾಂತರ ಹೊಂದಿದ ಕಟ್ಟಡಗಳು ಇಲ್ಲದೆ ಇಲ್ಲ. ಮಡಿಕೇರಿಯ ಕೋಟೆಯೊಳಗೆ ಇಂಗ್ಲಿಷರು ಕಟ್ಟಿದ ಸಂತ ಮಾರ್ಕರ ಚರ್ಚು ಈಗ ಸರ್ಕಾರಿ ವಸ್ತುಸಂಗ್ರಹಾಲಯವಾಗಿದೆ. ಬಣ್ಣದ ಗಾಜಿನ ಕಿಟಕಿಯ ಬೆಳಕು ಕೊಡಗಿನ ಹಳೆಯ ಶಿಲ್ಪಗಳ ಮೇಲೆ ಬೀಳುತ್ತದೆ. ಬೆಂಗಳೂರಿನಲ್ಲಿ, ಅಂಡಮಾನಿನಲ್ಲಿ ೧೮೭೨ರಲ್ಲಿ ಕೊಲೆಯಾದ ಲಾರ್ಡ್ ಮೇಯೋ ಎಂಬ ವೈಸರಾಯರ ನೆನಪಿಗಾಗಿ ಕಟ್ಟಿಸಿ ೧೮೮೩ರಲ್ಲಿ ತೆರೆದ ಮೇಯೋ ಹಾಲ್ ಉಂಟು. ಅದರ ಮಹಡಿಯಲ್ಲಿ ೨೦೧೧ರಿಂದ ಕೆಂಪೇಗೌಡರ ವಸ್ತುಸಂಗ್ರಹಾಲಯವಿದೆ. ಬೆಂಗಳೂರನ್ನು ಕಟ್ಟಿದವರ ನೆನಪು ಬೆಂಗಳೂರನ್ನು ಆಳಲು ಬಂದವರ ಸ್ಮಾರಕದೊಳಗೆ ಸೇರಿಕೊಂಡ ಬಗೆಯನ್ನು ನೆನೆದಾಗ ನಮಗೆ ಸಂತೋಷವಾಗುತ್ತದೆ. ಆದರೆ ಅಲ್ಲಿ ನೋಡಲು ಹೆಚ್ಚಾಗಿ ಸಿಕ್ಕುವುದು ಛಾಯಾಚಿತ್ರಗಳೂ ಪಟಗಳೂ. ಪಟಗಳು ಪುಸ್ತಕದಲ್ಲಿಯೂ ಇರಬಲ್ಲವು. ಮುಟ್ಟಿದರೆ ತಣ್ಣಗಿರುವ ಕಲ್ಲು, ಎತ್ತಿದರೆ ಭಾರವಾಗುವ ತಾಮ್ರ ಇಲ್ಲದಿದ್ದರೆ ಮಕ್ಕಳು ಹತ್ತು ನಿಮಿಷದಲ್ಲಿ ಹೊರಗೆ ಬಂದು ಐಸ್‌ಕ್ರೀಮು ಕೇಳುತ್ತಾರೆ.

ಲಾಂಛನಗಳಿಗೇ ಮೀಸಲಾದ ಮನೆಯ ಕಥೆಯೊಂದು ಐರ್ಲೆಂಡಿನಲ್ಲಿದೆ. ಅದರಲ್ಲಿ ನಗುವುದಕ್ಕೂ ಕಲಿಯುವುದಕ್ಕೂ ವಿಷಯವುಂಟು. ಡಬ್ಲಿನ್ ಕೋಟೆಯ ಬೆಡ್‌ಫರ್ಡ್ ಗೋಪುರಕ್ಕೆ ೧೯೦೩ರಲ್ಲಿ ಅಲ್ಲಿನ ಲಾಂಛನಗಳ ಕಚೇರಿ ಬಂದು ಸೇರಿತು. ರಾಜಚಿಹ್ನೆಯ ಬೆಲೆಬಾಳುವ ಒಡವೆಗಳನ್ನು ಇಡಲು ಭದ್ರವಾದ ಕೋಣೆಯೊಂದನ್ನೂ ಕಟ್ಟಿದರು. ಎಲ್ಲ ಮುಗಿದ ಮೇಲೆ ನೋಡಿದರೆ, ಒಡವೆಗಳಿದ್ದ ಕಬ್ಬಿಣದ ಪೆಟ್ಟಿಗೆ ಆ ಕೋಣೆಯ ಬಾಗಿಲಿಗಿಂತ ದೊಡ್ಡದು! ಪೆಟ್ಟಿಗೆಯನ್ನು ಪುಸ್ತಕಗಳ ಕೋಣೆಯಲ್ಲಿಯೇ ಇಟ್ಟರು. ೧೯೦೭ರ ಜುಲೈ ತಿಂಗಳಲ್ಲಿ, ದೊರೆ ಏಳನೆಯ ಎಡ್ವರ್ಡನು ಡಬ್ಲಿನ್ನಿಗೆ ಬರಲು ಕೆಲವೇ ದಿನಗಳಿದ್ದಾಗ, ಪೆಟ್ಟಿಗೆ ತೆರೆದು ನೋಡಿದರೆ ಒಡವೆಗಳಿಲ್ಲ. ಕಚೇರಿಯ ಮುಖ್ಯಾಧಿಕಾರಿ ಕೆಲಸ ಕಳೆದುಕೊಂಡರು. ಒಡವೆಗಳು ಇಂದಿನವರೆಗೂ ಸಿಕ್ಕಿಲ್ಲ. ಹಳೆಯ ಕಟ್ಟಡವನ್ನು ಹೊಸ ಕೆಲಸಕ್ಕೆ ಹಚ್ಚುವವರು ಮೊದಲು ಬಾಗಿಲನ್ನು ಅಳೆಯತಕ್ಕದ್ದು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಐರ್ಲೆಂಡು ಸ್ವತಂತ್ರವಾದ ಮೇಲೆ, ಪರರಾಜ್ಯದ ಗುರುತೆಂದು ಆ ಕಚೇರಿಯನ್ನು ಮುಚ್ಚದೆ, ೧೯೪೩ರಲ್ಲಿ ಸ್ವದೇಶೀ ಸರ್ಕಾರ ಅದನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ೧೯೮೧ರಲ್ಲಿ ಅದು ಕಿಲ್‌ಡೇರ್ ಬೀದಿಯ ಹಳೆಯ ಕ್ಲಬ್ಬಿನ ಕಟ್ಟಡಕ್ಕೆ ಹೋಯಿತು. ಲಾಂಛನಗಳ ವಸ್ತುಸಂಗ್ರಹವೂ ಆ ಮನೆಯಲ್ಲಿ ಜನರ ನೋಟಕ್ಕೆ ದೊರೆಯಿತು. ಹಿಂದೆ ಸಾಮಾನ್ಯರು ಕಾಲಿಡಲಾಗದಿದ್ದ ಮೆಟ್ಟಿಲನ್ನು ಏರಿ ಜನ ತಮ್ಮ ಅಜ್ಜ ಮುತ್ತಜ್ಜರ ಹೆಸರುಗಳನ್ನು ಹುಡುಕುತ್ತ ಬಂದರು.

ನಮ್ಮಲ್ಲಿ ಇಂತಹ ಮನೆ ಆದರೆ ಅದಕ್ಕೊಂದು ನಿಯಮ ಬೇಕೆಂಬುದು ನಮ್ಮ ಅಭಿಪ್ರಾಯ: ನಿಂತಿರುವ ಕಲ್ಲನ್ನು ಕೀಳಬಾರದು. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ೧೮೬೫ರಲ್ಲಿ ಆರಂಭವಾದ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಪ್ರಸಿದ್ಧ ವೀರಗಲ್ಲು ಇದೆ. ಕಾಳಿ ಎಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ ತಾನೂ ಸತ್ತುದಕ್ಕಾಗಿ, ಸುಮಾರು ೯೪೯ರಲ್ಲಿ ನಿಲ್ಲಿಸಿದ ಕಲ್ಲು ಅದು. ಆ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಉಣ್ಣಕೂಡದೆಂದು ಶಾಸನವೇ ವಿಧಿಸಿದೆ. ಕಲ್ಲು ಇಂದು ಸುರಕ್ಷಿತವಾಗಿದೆ. ಪ್ರಪಂಚದ ವಿದ್ವಾಂಸರೆಲ್ಲ ಅದನ್ನು ನೋಡುತ್ತಾರೆ. ಅದು ಉಳಿದುದಕ್ಕೆ ನಾವು ಕೃತಜ್ಞರೇ. ಆದರೂ ಮಂಡ್ಯ ಸೀಮೆಯ ಆ ಹಳ್ಳಿಯ ಹುಡುಗನು ತನ್ನೂರಿನ ನಾಯಿಯನ್ನು ನೋಡಲು ಬೆಂಗಳೂರಿಗೆ ಬಸ್ಸಿನ ಖರ್ಚು ಕೊಡಬೇಕಾಗಿದೆ. ಇನ್ನೊಂದು ದಾರಿಯೂ ಇದೆಯೆಂದು ಬೆಂಗಳೂರಿನ ಹೆಬ್ಬಾಳದವರು ತೋರಿಸಿದ್ದಾರೆ. ಅಲ್ಲಿ ೨೦೧೮ರಲ್ಲಿ ಎಂಟನೆಯ ಶತಮಾನದ ಕಿತ್ತಯ್ಯನೆಂಬ ವೀರನ ಕಲ್ಲು ದೊರೆತಾಗ, ಅದನ್ನು ಎಲ್ಲಿಗೂ ಸಾಗಿಸದೆ, ಆ ಊರಿನಲ್ಲಿಯೇ ಮಂಟಪ ಕಟ್ಟಿ ನಿಲ್ಲಿಸಿದರು. ಎಲ್ಲೆಗಲ್ಲಿನ ವಿಷಯದಲ್ಲಂತೂ ಇದು ಇನ್ನೂ ಮುಖ್ಯ. ಎಲ್ಲೆಯಿಂದ ಕಿತ್ತ ಎಲ್ಲೆಗಲ್ಲು ಎಲ್ಲಿಯ ಎಲ್ಲೆಯನ್ನು ಹೇಳೀತು? ಅದರ ಗಾರೆಯ ಅಚ್ಚನ್ನೋ ಕಾಗದದ ಪಡಿಯಚ್ಚನ್ನೋ ಮನೆಯೊಳಗೆ ಇಟ್ಟು, ಕಲ್ಲು ಯಾವ ಊರಿನ ಯಾವ ಬದುವಿನಲ್ಲಿದೆಯೆಂದು ನಕ್ಷೆಯಲ್ಲಿ ತೋರಿಸಿದರೆ ಸಾಕು. ನೋಡಬೇಕಾದವರು ನಡೆದು ಹೋಗಲಿ; ದಾರಿಯಲ್ಲಿ ಮಾವಿನ ತೋಪುಗಳಿವೆ.

ಹಾಗಾದರೆ ಮನೆಯೊಳಗಿನ ಪೆಟ್ಟಿಗೆಗಳಲ್ಲಿ ಏನಿರಬೇಕೆಂದರೆ, ಅದು ನಮ್ಮ ನಿಮ್ಮ ಅಟ್ಟದ ಮೇಲಿದೆ. ಗಂಡಭೇರುಂಡದ ಛಾಪಾಕಾಗದದ ಮೇಲೆ ಬರೆದ ಕ್ರಯಪತ್ರ, ಶ್ಯಾನುಭೋಗರ ಮನೆಯ ಕಡತ, ಪಟೇಲರ ಮುದ್ರೆಯುಂಗುರ, ಪೊಲೀಸಿನವರ ಪೇಟದ ಗುರುತು, ಪಾಠಶಾಲೆಯಲ್ಲಿ ಬಹುಮಾನವಾಗಿ ಬಂದ ಪದಕ, ಜವಾನರ ಬಿಲ್ಲೆ. ಇವುಗಳನ್ನು ಕುರಿತು ಗೃಹಿಣಿಯರಲ್ಲಿ ಎರಡು ಬಿನ್ನಹಗಳುಂಟು. ಹಬ್ಬದ ದಿನ ಪಾತ್ರೆಗಳೊಡನೆ ಇವನ್ನೂ ಹುಣಿಸೆಹಣ್ಣು ಹಚ್ಚಿ ಬೆಳಗಬೇಡಿರಿ. ಹೊಳಪು ಬರುವಷ್ಟರಲ್ಲಿ ಅಕ್ಷರ ಸವೆದಿರುತ್ತದೆ. ತಾಮ್ರದ ಹಲಗೆಗಳು ಬಳೆಗೆ ಕೋದಂತೆಯೇ ಇದ್ದರೆ, ಓದುವ ಆತುರದಿಂದ ಬಳೆಯನ್ನು ಕತ್ತರಿಸಬೇಡಿರಿ; ಬೀಗವನ್ನು ಒಡೆದ ಮೇಲೆ ಅದರ ಸಾಕ್ಷ್ಯ ಅರ್ಧ ಹೋದಂತೆ. ವಸ್ತು ಯಾರಿಂದ ಬಂದಿತು, ಯಾವ ಊರಿನದು, ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗೇ ಇಡಿರಿ. ಬರೆಯುವುದು ಇಂದೇ ಆಗಲಿ, ಬಲ್ಲ ಹಿರಿಯರು ಮನೆಯಲ್ಲಿರುವಾಗಲೇ.

ಕಾನೂನನ್ನೂ ಒಂದಿಷ್ಟು ತಿಳಿದಿರುವುದು ಒಳ್ಳೆಯದು. ಮಣ್ಣಿನಲ್ಲಿ ಹುದುಗಿದ್ದ ನಿಧಿ ದೊರೆತರೆ ಅದನ್ನು ಸರ್ಕಾರಕ್ಕೆ ತಿಳಿಸಬೇಕೆಂದು ೧೯೬೨ರ ಕರ್ನಾಟಕ ನಿಧಿ ಕಾಯಿದೆ ಹೇಳುತ್ತದೆ. ಮನೆಯ ಪಾಯ ಅಗೆಯುವಾಗ ತಾಮ್ರದ ಹಲಗೆ ಸಿಕ್ಕಿದರೆ ಜಿಲ್ಲಾಧಿಕಾರಿಗಳಿಗೆ ಬರೆಯುವುದೇ ಸರಿಯಾದ ದಾರಿ. ನೂರು ವರ್ಷಕ್ಕೆ ಕಡಮೆಯಿಲ್ಲದ ಪ್ರಾಚೀನ ವಸ್ತುಗಳನ್ನು, ಎಪ್ಪತ್ತೈದು ವರ್ಷಕ್ಕೆ ಕಡಮೆಯಿಲ್ಲದ ಬೆಲೆಯುಳ್ಳ ಹಸ್ತಪ್ರತಿಗಳನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸುವುದನ್ನು ೧೯೭೨ರ ಕಾಯಿದೆ ತಡೆದಿದೆ. ಪರದೇಶದಲ್ಲಿರುವ ಮಗನಿಗೆ ನೆನಪಿನ ಕಾಣಿಕೆಯೆಂದು ಮುತ್ತಜ್ಜನ ಶಾಸನವನ್ನು ಕಳುಹಿಸುವವರು ಇದನ್ನು ನೆನಪಿಡತಕ್ಕದ್ದು.

ಈ ಯೋಜನೆಯನ್ನು ಒಬ್ಬ ಹಿರಿಯ ಸ್ನೇಹಿತರ ಮುಂದೆ ಹೇಳಿದಾಗ ಅವರು, "ಗಡಿಯಲ್ಲಿ ಲಾಂಛನಗಳನ್ನು ತೂಗುಹಾಕಿದರೆ ನೆರೆಯವರಿಗೆ ಕಾಲುಕೆದರಿದಂತಾಗದೆ?" ಎಂದರು. ಬಹಳ ಹೊತ್ತು ಯೋಚಿಸಿದೆವು. ಪಲ್ಲವರು, ಚೋಳರು, ಬಾಣರು, ನೊಳಂಬರು, ಇವರಲ್ಲಿ ಯಾರನ್ನು ನಮ್ಮವರೆನ್ನೋಣ, ಯಾರನ್ನು ನೆರೆಯವರೆನ್ನೋಣ? ನೊಳಂಬರು ಆಳಿದ ಹೇಮಾವತಿ ಇಂದು ಆಂಧ್ರದಲ್ಲಿದೆ, ಅವರ ಗುಡಿಗಳಿರುವ ಆವನಿ ಕರ್ನಾಟಕದಲ್ಲಿದೆ. ಅವರ ಎತ್ತು ಯಾವ ಕೊಟ್ಟಿಗೆಯದು? ಆ ಮನೆಯ ಫಲಕಗಳನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಬರೆಯಿಸಿದರೆ ಪಲಮನೇರಿನ ಶಾಲೆಯ ಮಕ್ಕಳೂ ಬಂದು ಓದಿಕೊಂಡು ಹೋಗುತ್ತಾರೆಂದು ಉತ್ತರಕೊಟ್ಟೆವು. ಸ್ನೇಹಿತರು ಒಪ್ಪಲಿಲ್ಲ, ಆದರೆ ತಮ್ಮ ಅಟ್ಟದ ಮೇಲೊಂದು ತಗಡಿನ ಪೆಟ್ಟಿಗೆ ಇದೆಯೆಂದು ಹೊರಡುವಾಗ ಮೆಲ್ಲನೆ ಹೇಳಿದರು. ಮುಂದಿನ ಭಾನುವಾರ ಅದನ್ನು ಇಳಿಸುವುದೆಂದು ಗೊತ್ತಾಗಿದೆ.

ಚೀಟಿ ಬರೆಯುವ ಕೆಲಸವನ್ನು ನಾವೂ ನಮ್ಮ ಮನೆಯಲ್ಲಿ ಪ್ರಾರಂಭಿಸಿದ್ದೇವೆ. ವಸ್ತು ಹೋದರೂ ನೆನಪಿಗೆ ಒಂದು ಚೀಟಿ ಇರಲೆಂದು ಸೋದರತ್ತೆಯವರನ್ನು ಕೂರಿಸಿಕೊಂಡು ತಾತನ ಬಿಲ್ಲೆಯ ವಿವರವನ್ನು ಕೇಳಿ ಬರೆದುಕೊಂಡೆವು. ಅಂಗೈಯಷ್ಟು ಅಗಲ, ಅಂಡಾಕಾರ, ಹಿಂದೆ ಎರಡು ಕೊಂಡಿ. ಹಕ್ಕಿಯ ಒಂದು ಕೊಕ್ಕು ಸವೆದಿತ್ತಂತೆ. ಕೆಲಸದಿಂದ ಬಂದ ತಾತ ಅದನ್ನು ಬಿಚ್ಚಿಟ್ಟೊಡನೆ ಚಿಕ್ಕವರಾಗಿದ್ದ ಅತ್ತೆಯವರು ಬಾಯಿಗಿಟ್ಟು ಕಚ್ಚುತ್ತಿದ್ದರಂತೆ. ಕೆಳಗಿದ್ದ ಅಂಕೆ ಮಾತ್ರ ಅವರಿಗೆ ನೆನಪಾಗುತ್ತಿಲ್ಲ. ಹದಿನೇಳು ಎನ್ನುತ್ತಾರೆ, ಸ್ವಲ್ಪ ಹೊತ್ತಿನ ಮೇಲೆ ಎಪ್ಪತ್ತೊಂದು ಎನ್ನುತ್ತಾರೆ. ಚೀಟಿಯಲ್ಲಿ ಎರಡನ್ನೂ ಬರೆದಿಟ್ಟಿದ್ದೇವೆ.